ಕ್ರೋಮಾದ ‘ಸ್ಪಿಲ್’ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ.

ಮುಂಬೈಯ ಅಂಧೇರಿಯಲ್ಲಿ ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮಗಳ) ಕೆಲಸ ಮಾಡುವ ನಾವು ಕೆಲವು ಕನ್ನಡಿಗರು, ಕಸುಬಿಗೆ ಹೊಸದಾಗಿ ಬರುವ ಹುಡುಗರಿಗೆಂದು ಕೈಪಿಡಿಯೊಂದನ್ನು ಬರೆಯುತ್ತಿದ್ದೇವೆ. ನಟನ ಹಿಂದೆ ಹಸಿರು ಬಟ್ಟೆ ಕಟ್ಟಿ ಚಿತ್ರೀಕರಿಸಿ, ಆಮೇಲೆ ಹಸಿರಿನ ಜಾಗಕ್ಕೆ ಬೇರೆ ಹಿನ್ನೆಲೆ ಕೂರಿಸುತ್ತೇವಲ್ಲ, ಅದಕ್ಕೆ ಇಲ್ಲಿ ಗ್ರೀನ್ ಸ್ಕ್ರೀನ್ ಅನ್ನುವವರು ಕಡಿಮೆ, ಎಲ್ಲರ ಬಾಯಲ್ಲೂ ‘ಕ್ರೋಮಾ’. ಕ್ರೋಮಾ, ರೋಟೊ (ಒಂದೊಂದು ಫ್ರೇಮಿನಲ್ಲೂ ಅಂಚು ಗುರುತಿಸಿ ಬೇರ್ಪಡಿಸುವುದು), ಪ್ಲೇಟ್ (ಕ್ಯಾಮೆರಾದಲ್ಲಿ ತೆಗೆದ ಮೂಲ ಶಾಟ್) ಹಾಗೇ ಇರಲಿ, ತಕರಾರಿಲ್ಲ. ‘ಹಸಿರು ಪರದೆ’ ಎಂದು ಬರೆದರೆ ಹುಡುಗರು ಕಿಟಕಿ ಕಡೆ ನೋಡುತ್ತಾರೆ.

ತೊಡಕಿರುವುದು ‘ಸ್ಪಿಲ್’ ಹತ್ತಿರ. ಕ್ರೋಮಾ ಬಟ್ಟೆಗೆ ಬಿದ್ದ ಬೆಳಕು ಹಸಿರಾಗಿ ತಿರುಗಿ ಬಂದು ನಟನ ಮೈಮೇಲೆ ಬೀಳುತ್ತದೆ. ಕೀ ಮಾಡಿ, ಅಂದರೆ ಸಾಫ್ಟ್‌ವೇರ್‌ನಲ್ಲಿ ಹಸಿರನ್ನು ಗುರುತಿಸಿ ಹಿನ್ನೆಲೆ ತೆಗೆದ ಮೇಲೂ ಬಿಳಿ ಅಂಗಿಯ ಹೆಗಲಲ್ಲಿ, ಕಿವಿಯಂಚಿನಲ್ಲಿ, ಹಾರುವ ಕೂದಲೆಳೆಗಳಲ್ಲಿ ಆ ಹಸಿರು ಉಳಿದಿರುತ್ತದೆ. ಅದನ್ನು ತೆಗೆಯುವ ಭರದಲ್ಲಿ ಕೈಮೀರಿದರೆ ಮುಖವೆಲ್ಲ ಗುಲಾಬಿ! ಇದಕ್ಕೆ ‘ಸೋರಿಕೆ’ ಎಂದರೊಬ್ಬರು, ಇಲ್ಲೇನೂ ಸೋರಿಲ್ಲ. ‘ಪ್ರತಿಫಲನ’ ತಪ್ಪಲ್ಲ, ಆದರೆ ಕನ್ನಡಿಗೂ ಅದೇ ಮಾತು. ನನಗೆ ಹಿಡಿಸಿದ್ದು ‘ಹತ್ತು’: ಹೊಸ ಲುಂಗಿಯ ಜತೆ ನೆನೆಸಿದ ಬನಿಯನ್ನಿಗೆ ಬಣ್ಣ ಹತ್ತುತ್ತದಲ್ಲ, ಹಾಗೆ ‘ಕಿವಿಗೆ ಹಸಿರು ಹತ್ತಿದೆ’. ಡಿಸ್ಪಿಲ್ ಎಂದರೆ ‘ಹತ್ತಿದ್ದು ಬಿಡಿಸು’. ಕ್ರಿಯಾಪದ ಸರಿ, ನಾಮಪದ? ‘ಹತ್ತುವಿಕೆ’ ಯಾರ ಬಾಯಿಗೂ ಬರದು. ‘ಹಸಿರಂಟು’ ಗೋಂದಿನ ಹೆಸರಿನಂತಿದೆ.

ಇನ್ನೊಂದು, ‘ಫ್ರೀ ಫುಟೇಜ್’. ಅಭ್ಯಾಸಕ್ಕೆ ಕಾಸಿಲ್ಲದೆ ಸಿಗುವ ಶಾಟ್‌ಗಳಲ್ಲಿ ಕೆಲವನ್ನು ಶೋರೀಲ್‌ಗೆ (ಕೆಲಸ ಕೇಳುವಾಗ ತೋರಿಸುವ ನಮ್ಮ ಕೆಲಸದ ವಿಡಿಯೊಗೆ) ಹಾಕುವಂತಿಲ್ಲ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನವರಾದರೋ 2012ರ ‘ಟಿಯರ್ಸ್ ಆಫ್ ಸ್ಟೀಲ್’ ಕಿರುಚಿತ್ರದ ಮೂಲ 4ಕೆ ಶಾಟ್‌ಗಳನ್ನೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಅವರ ಹೆಸರು ಹೇಳಿದರಾಯಿತು, ಶೋರೀಲ್‌ಗೂ ಹಾಕಬಹುದು. ಎರಡಕ್ಕೂ ‘ಉಚಿತ’ ಎಂದರೆ ಹುಡುಗರು ಸಿಕ್ಕಿಬೀಳುತ್ತಾರೆ. ಇದು ‘ಮುಕ್ತ’, ಅದು ‘ಪುಕ್ಕಟೆ’ ಎನ್ನೋಣವೇ? ಮರಾಠಿ ‘ಫುಕಟ್’ ಕೇಳುತ್ತಲೇ ಬೆಳೆದ ಇಲ್ಲಿನವರಿಗೆ ಪುಕ್ಕಟೆ ಥಟ್ಟನೆ ತಿಳಿಯುತ್ತದೆ. ಅದರಲ್ಲಿ ತಾತ್ಸಾರದ ದನಿ ಇದೆ ಎಂದು ಗುಂಪಿನ ಧಾರವಾಡದವರ ಆಕ್ಷೇಪ.

ಇಂಥ ಕ್ಲಿಪ್‌ಗಳಿಗೆ ‘ಉತ್ತಮ ಗುಣಮಟ್ಟ’ ಎಂಬುದನ್ನಂತೂ ಕೈಬಿಟ್ಟಿದ್ದೇವೆ. ನೋಡಲು ಚೊಕ್ಕವಾಗಿರುವ 4ಕೆ ಕ್ಲಿಪ್ ಕೂಡ 4:2:0 (ಬಣ್ಣದ ವಿವರ ಕಡಿಮೆ ಮಾಡಿ ಉಳಿಸುವ ಬಗೆ) ಆಗಿದ್ದರೆ ನಾಲ್ಕು ಪಿಕ್ಸೆಲ್‌ಗೆ ಬಣ್ಣದ ಲೆಕ್ಕ ಒಂದೇ. ಕೀ ಮಾಡಿದೊಡನೆ ಕೂದಲಂಚು ಮೆಟ್ಟಿಲುಮೆಟ್ಟಿಲು. ಹಾಗಾಗಿ ‘ಕೀಗೆ ಒಗ್ಗುವ’, ‘ಒಗ್ಗದ’ ಎಂದಷ್ಟೇ ಬರೆದಿದ್ದೇವೆ.

ಒಂದು ಬಟ್ಟೆಯ ಬಣ್ಣ ಇನ್ನೊಂದಕ್ಕೆ ಹತ್ತುವುದಕ್ಕೆ ಇಳಕಲ್, ಗುಳೇದಗುಡ್ಡದ ಕಡೆ ನೂಲಿಗೆ ಬಣ್ಣ ಹಾಕುವವರ ಆಡುಮಾತಿನಲ್ಲಿ ನಾಮಪದವೇನಾದರೂ ಇದೆಯೇ? ಆ ಕಡೆಯವರು ಯಾರಾದರೂ ಕೇಳಿ ತಿಳಿಸಿದರೆ ಉಪಕಾರ.