ಕಲ್ಲಿದ್ದಲಿನಲ್ಲಿ ಬೂದಿ ‘ಇರುತ್ತದೆಯೋ’, ‘ಬೀಳುತ್ತದೆಯೋ’?

ಗೆಳೆಯರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮಣ್ಣನ ಮಗನಿಗೆ ಬಾಯ್ಲರ್ ಪಾಠವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ‘ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಎಷ್ಟೋ ಕಡೆ ನೂರಕ್ಕೆ 30ರಿಂದ 45ರಷ್ಟು’ ಎಂದು ಬರೆದೆ. ಹುಡುಗ ಓದಿ, “ಕಾಕಾ, ಸುಡೂಕಿಂತ ಮೊದ್ಲ ಒಳಗ ಬೂದಿ ಹೆಂಗ ಇರ್ತೈತಿ?” ಎಂದ.

ಸರಿಯಾಗಿಯೇ ಹಿಡಿದ, ಅಲ್ವಾ? ಕಲ್ಲಿದ್ದಲಿನೊಳಗೆ ಇರುವುದು ಬೂದಿಯಲ್ಲ, ಕಲ್ಲುಮಣ್ಣು. ಜೇಡಿ, ಮರಳಿನ ಜಾತಿಯ ಕ್ವಾರ್ಟ್ಜ್, ಸುಣ್ಣಕಲ್ಲಿನ ಜಾತಿಯ ಕ್ಯಾಲ್ಸೈಟ್, ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್. ಬೆಂಕಿ ತಾಗಿದ ಮೇಲೆ ಇವುಗಳ ಕಥೆಯೇ ಬೇರೆ. ಜೇಡಿ ತನ್ನೊಳಗೆ ಕಟ್ಟಿಟ್ಟುಕೊಂಡ ನೀರು ಬಿಡುತ್ತದೆ. ಪೈರೈಟಿನ ಗಂಧಕ ಹೊಗೆಯ ಜೊತೆ ಹೋಗಿ ಕಬ್ಬಿಣದ ಕೆಂಪು ಆಕ್ಸೈಡ್ ಉಳಿಯುತ್ತದೆ. ಕೆಲವು ಬೂದಿ ಕೆಂಪಗೆ ಕಾಣುವುದು ಅದಕ್ಕೇ. ಕ್ಯಾಲ್ಸೈಟಂತೂ 100 ಗ್ರಾಂ ಸುಟ್ಟರೆ ಸಿಗುವುದು 56 ಗ್ರಾಂ ಸುಣ್ಣ. ಹೀಗಾಗಿ ಕೊನೆಗೆ ಉಳಿದ ಬೂದಿ ಮೊದಲಿದ್ದ ಕಲ್ಲುಮಣ್ಣಿಗಿಂತ ತೂಕದಲ್ಲಿ ಕಡಿಮೆ. ಲ್ಯಾಬಿನಲ್ಲೂ ಕಲ್ಲಿದ್ದಲಿನ ಪುಡಿಯನ್ನು 815 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಉಳಿದದ್ದನ್ನೇ ತೂಗುತ್ತಾರೆ. ಅಂದಮೇಲೆ ‘ಬೂದಿಯ ಅಂಶ’ ಎಂಬ ಮಾತೇ ಸ್ವಲ್ಪ ಮೋಸದ್ದು.

ಆಗ ನೆನಪಾಯಿತು ನಮ್ಮವ್ವನ ಮಾತು. ಹತ್ತಿಕಟ್ಟಿಗೆ ಒಲೆಗೆ ಇಡುವಾಗ “ಇದಕ್ಕ ಬೂದಿ ಭಾಳ ಬೀಳತೈತಿ” ಎನ್ನುತ್ತಿದ್ದಳು. ‘ಕಟ್ಟಿಗೆಯೊಳಗೆ ಬೂದಿ ಐತಿ’ ಎಂದು ಒಮ್ಮೆಯೂ ಅಂದವಳಲ್ಲ. ಅದನ್ನೇ ಇಟ್ಟುಕೊಂಡು ನಾನೀಗ ‘ನೂರು ಕಿಲೋ ಸುಟ್ಟರೆ ಇಷ್ಟು ಕಿಲೋ ಬೂದಿ ಬೀಳುತ್ತದೆ’ ಎಂದು ತಿದ್ದಿದ್ದೇನೆ. ಸುಡುವ ಮೊದಲಿನದಕ್ಕೆ ‘ಖನಿಜಾಂಶ’ ಎಂದಿದ್ದೇನೆ. ಪುಸ್ತಕದ ವಾಸನೆ ಹೊಡೆಯುತ್ತದೆ, ನಿಜ. ‘ಮಣ್ಣಂಶ’ ಎಂದರೆ ಪೈರೈಟ್ ಹೊರಗೆ ಉಳಿದಂತಾಗುತ್ತದೆ. ‘ಹಾರುಬೂದಿ’ಗೆ ತಕರಾರಿಲ್ಲ, ಪೇಪರಿನವರೇ ರೂಢಿ ಮಾಡಿಬಿಟ್ಟಿದ್ದಾರೆ.

ಸಿಕ್ಕಿಹಾಕಿಕೊಂಡಿರುವುದು ಇನ್ನೊಂದು ಪದಕ್ಕೆ. ಬೆಂಕಿ ಜೋರಾದಾಗ ಬೂದಿ ಕರಗಿ, ಒಂದಕ್ಕೊಂದು ಅಂಟಿ, ಗಟ್ಟಿ ಹೆಂಟೆಯಾಗಿ ಜಾಲರಿಯ ಮೇಲೆ ಕೂರುತ್ತದೆ. ಕೆಳಗಿನ ಗಾಳಿಗೆ ದಾರಿಯೇ ಇರುವುದಿಲ್ಲ. ಉಗಿ ಎಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದ ನಮ್ಮಜ್ಜ ಅದಕ್ಕೆ ‘ಕ್ಲಿಂಕರ್’ ಎಂದೇ ಅನ್ನುತ್ತಿದ್ದರು. ನನ್ನ ಬಾಯಿಗೆ ‘ಕಿಟ್ಟ’ ಬರುತ್ತದೆ. ಆದರೆ ಕಿಟ್ಟ ಅಂದರೆ ಕಬ್ಬಿಣದ ಕಸರು, ತುಕ್ಕು. ಇದು ಕರಗಿದ ಜೇಡಿ ಮತ್ತು ಮರಳು. ಸುಮ್ನೆ ಎಳೆದುತಂದು ಕೂರಿಸಿದಂತೆ ಆಗಬಾರದು.

ಗದಗ, ಹಾವೇರಿ ಕಡೆ ಕಲ್ಲಿದ್ದಲು ಉರಿಸುವ ಕುಲುಮೆಗಳಲ್ಲಿ ಬೆಂಕಿಯ ತಳದಿಂದ ಕಿತ್ತು ಎಸೆಯುವ ಆ ಹೆಂಟೆಗೆ ಏನನ್ನುತ್ತಾರೆ? ಕಿಟ್ಟ ಎಂದೇ ಅನ್ನುತ್ತಾರೋ, ಬೇರೆ ಹೆಸರಿದೆಯೋ? ಕೇಳಿ ಗೊತ್ತಿದ್ದವರು ತಿಳಿಸಿ.