ತಾರಸಿ ತೋಟದ ಬಗ್ಗೆ ಕನ್ನಡದಲ್ಲಿ ನನ್ನ ಮೊದಲ ಜಾಲತಾಣ: ಅಫಿಲಿಯೇಟ್ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ. ಒಂಬತ್ತು ವರ್ಷಗಳಿಂದ ಮನೆಯ ತಾರಸಿಯ ಮೇಲೆ ಬದನೆ, ಬಸಳೆ, ಹೀರೆ, ಟೊಮೆಟೊ, ಹರಿವೆ ಬೆಳೆಯುತ್ತಿದ್ದೇನೆ. ಯಾವ ಬಗೆಯ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ನಮ್ಮ ಎರಡು ಮಳೆಗಾಲಗಳನ್ನು ತಡೆದುಕೊಳ್ಳುತ್ತದೆ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಯನ್ನು ಎಷ್ಟು ಸಲ ತೊಳೆದರೆ ಅದರ ಉಪ್ಪು ಇಳಿಯುತ್ತದೆ, ಬೇವಿನ ಎಣ್ಣೆಯನ್ನು ನೀರಿನಲ್ಲಿ ಬೆರೆಸುವುದು ಹೇಗೆ ಎಂದು ಹಳೆಯ ವಿದ್ಯಾರ್ಥಿಗಳೂ ನೆರೆಹೊರೆಯವರೂ ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಲೇ ಇರುತ್ತಾರೆ. ಅದನ್ನೇ ಹತ್ತು ಜನರಿಗೆ ಹತ್ತು ಸಲ ಬರೆಯುವ ಬದಲು ಒಂದು ಜಾಲತಾಣದಲ್ಲಿ ಬರೆದಿಡೋಣ, ಅಲ್ಲಿ ಸಾಮಗ್ರಿಗಳ ಅಫಿಲಿಯೇಟ್ ಕೊಂಡಿ (ಅದರ ಮೂಲಕ ಯಾರಾದರೂ ಕೊಂಡರೆ ನಮಗೆ ಕಮಿಷನ್ ಸಿಗುವ ಕೊಂಡಿ) ಹಾಕಿದರೆ ಸ್ವಲ್ಪ ಆದಾಯವೂ ಆದೀತು ಎಂದು ಮಗ ಹೇಳಿದ್ದಾನೆ.

ನನ್ನ ಬಳಿ ಕನ್ನಡ ಟೈಪಿಂಗ್ ತಂತ್ರಾಂಶವಾದ "ನುಡಿ"ಯಲ್ಲಿ ಟೈಪ್ ಮಾಡಿದ ನಲವತ್ತು ಪುಟಗಳಷ್ಟು ಟಿಪ್ಪಣಿಗಳಿವೆ. ಮೊದಲು ಅಮೆಜಾನ್‌ನ ಅಫಿಲಿಯೇಟ್ ಯೋಜನೆಯಾದ ಅಮೆಜಾನ್ ಅಸೋಸಿಯೇಟ್ಸ್‌ಗೆ ಹೆಸರು ನೋಂದಾಯಿಸಬೇಕೇ, ಅಥವಾ ಮೊದಲು ಜಾಲತಾಣ ಕಟ್ಟಬೇಕೇ? ಉಚಿತವಾಗಿ ಸಿಗುವ ವಿಳಾಸದಲ್ಲಿ ಆರಂಭಿಸಿದರೆ ಸಾಕೇ? ಇದರಿಂದ ನಿಜವಾಗಿ ಎಷ್ಟು ನಿರೀಕ್ಷಿಸಬಹುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕೊಡಚಾದ್ರಿ

ಮೇಡಂ, ನಮಸ್ಕಾರ. ಅಡುಗೆಮನೆಯ ವಿದ್ಯುತ್ ಉಪಕರಣಗಳ ಬಗ್ಗೆ ಆರು ವರ್ಷಗಳಿಂದ ಒಂದು ಸಣ್ಣ ಜಾಲತಾಣ ನಡೆಸುತ್ತಿರುವುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನೋಂದಣಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅಮೆಜಾನ್ ಅಸೋಸಿಯೇಟ್ಸ್‌ನಲ್ಲಿ ಖಾತೆ ತೆರೆದ ದಿನದಿಂದ 180 ದಿನಗಳೊಳಗೆ ನಿಮ್ಮ ಕೊಂಡಿಯ ಮೂಲಕ ಕನಿಷ್ಠ 3 ಮಾರಾಟಗಳಾಗದಿದ್ದರೆ ಖಾತೆ ಮುಚ್ಚಿಹೋಗುತ್ತದೆ, ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಹೊಸ ಜಾಲತಾಣವನ್ನು ಗೂಗಲ್ ಗುರುತಿಸಿ ಓದುಗರನ್ನು ಕಳುಹಿಸಲು ಆರಂಭಿಸುವುದಕ್ಕೇ ಹಲವು ತಿಂಗಳು ಬೇಕಾಗುವುದರಿಂದ, ಬರೆಯುವ ಮೊದಲೇ ನೋಂದಾಯಿಸಿಕೊಂಡವರ ಗಡುವು ಓದುಗರು ಬರುವಷ್ಟರಲ್ಲಿ ಮುಗಿದಿರುತ್ತದೆ. ನನ್ನ ಮೊದಲ ಖಾತೆ ಹೀಗೆಯೇ ಹೋಯಿತು. ಹದಿನೈದು ಇಪ್ಪತ್ತು ಲೇಖನಗಳನ್ನು ಪ್ರಕಟಿಸಿ, ಹುಡುಕಾಟದಿಂದ ಬಂದವರ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ದಿನಕ್ಕೆ ಒಂದಷ್ಟು ಕ್ಲಿಕ್ ಕಾಣಿಸತೊಡಗಿದ ಮೇಲೆ ಅರ್ಜಿ ಹಾಕಿ, ಹಳೆಯ ಲೇಖನಗಳಿಗೆ ಕೊಂಡಿ ಸೇರಿಸುತ್ತಾ ಹೋಗಬಹುದು.

ವಿಳಾಸ ಮಾತ್ರ ಮೊದಲ ದಿನದಿಂದಲೇ ನಿಮ್ಮದಾಗಿರಲಿ. ಸ್ವಂತ ಡೊಮೇನ್ ಹೆಸರಿಗೆ (ಜಾಲತಾಣದ ವಿಳಾಸಕ್ಕೆ) ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಅದು ನಿಮ್ಮ ಹೆಸರಿನಲ್ಲಿದ್ದರೆ ಜಾಲತಾಣದ ಕಡತಗಳನ್ನು ಇಟ್ಟುಕೊಳ್ಳುವ ಹೋಸ್ಟಿಂಗ್ ಸಂಸ್ಥೆಯನ್ನು ಎಷ್ಟು ಸಲ ಬದಲಿಸಿದರೂ ಓದುಗರು ಅದೇ ವಿಳಾಸಕ್ಕೆ ಬರುತ್ತಾರೆ. ಹೋಸ್ಟಿಂಗ್ ಕೊಳ್ಳುವಾಗ ಮೊದಲ ವರ್ಷದ ದರವನ್ನಲ್ಲ, ನವೀಕರಣದ ದರವನ್ನು ಓದಿ. ನಾನು ಮೊದಲು ಸೇರಿದ ಸಂಸ್ಥೆ ಎರಡನೆಯ ವರ್ಷಕ್ಕೆ ಮೂರು ಪಟ್ಟಿಗಿಂತ ಹೆಚ್ಚು ಕೇಳಿದಾಗ ಇಡೀ ಜಾಲತಾಣವನ್ನು ಬೇರೆಡೆಗೆ ಸಾಗಿಸಲು ಒಂದು ವಾರ ಹಿಡಿಯಿತು. ಸಾಗಿಸಲು ಸಾಧ್ಯವಾದದ್ದು ಡೊಮೇನ್ ನನ್ನದಾಗಿದ್ದುದರಿಂದ ಮತ್ತು ಜಾಲತಾಣ ಕಟ್ಟಲು ಬಳಸಿದ ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶವಾದ್ದರಿಂದ. ಥೀಮ್ (ಜಾಲತಾಣದ ಸಿದ್ಧ ವಿನ್ಯಾಸ) ಯಾವುದಾದರೂ ಆದೀತು, ಅದರ ಆಯ್ಕೆಗೆ ಒಂದು ಸಂಜೆಗಿಂತ ಹೆಚ್ಚು ಸಮಯ ಕೊಡಬೇಡಿ.

ಇನ್ನು ಬರವಣಿಗೆ. ಉತ್ಪನ್ನದ ಪುಟದಲ್ಲಿರುವ ವಿವರಣೆಯನ್ನೇ ಬೇರೆ ಮಾತಿನಲ್ಲಿ ಬರೆದು ಕೊಂಡಿ ಹಾಕುವ ಪುಟಗಳನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಸಿಯೇ ದೂರವಿಡುತ್ತದೆ. ನಿಮ್ಮ ಬಳಿ ಇರುವುದಾದರೋ ಅಂಗಡಿಯವರ ಬಳಿಯೂ ಇಲ್ಲದ ಮಾಹಿತಿ. 5 ಕಿಲೋ ಕೋಕೋಪೀಟ್ ಇಟ್ಟಿಗೆ ನೆನೆದು ಉಬ್ಬಿದಾಗ ಎಷ್ಟು ಬಕೆಟ್ ತುಂಬಿತು, 12 ಅಂಗುಲದ ಬ್ಯಾಗಿನಲ್ಲಿ ಟೊಮೆಟೊ ಬೇರು ಯಾವ ತಿಂಗಳಿಗೆ ಅಂಚು ಮುಟ್ಟಿತು, ಆಷಾಢದ ಮಳೆಯಲ್ಲಿ ಯಾವ ಬ್ಯಾಗಿನ ತಳದಲ್ಲಿ ನೀರು ನಿಂತಿತು ಎಂಬುದನ್ನು ಅಳತೆಯೊಡನೆ, ನೀವೇ ತೆಗೆದ ಚಿತ್ರದೊಡನೆ ಬರೆಯಿರಿ. ಅಮೆಜಾನ್‌ನ ಉತ್ಪನ್ನ ಚಿತ್ರಗಳನ್ನು ಇಳಿಸಿಕೊಂಡು ಬಳಸುವುದಕ್ಕೆ, ಅಲ್ಲಿನ ಗ್ರಾಹಕರ ವಿಮರ್ಶೆಗಳನ್ನು ನಕಲು ಮಾಡುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಬೆಲೆಯನ್ನೂ ಲೇಖನದಲ್ಲಿ ಟೈಪ್ ಮಾಡಿ ಇಡಬಾರದು, ಏಕೆಂದರೆ ಅದು ದಿನದಿಂದ ದಿನಕ್ಕೆ ಬದಲಾಗುತ್ತದೆ.

ಆದಾಯದ ಬಗ್ಗೆ ಕೇಳಿದ್ದೀರಿ. ಕಮಿಷನ್ ದರ ವಿಭಾಗದಿಂದ ವಿಭಾಗಕ್ಕೆ ಬೇರೆ. ಲೆಕ್ಕಕ್ಕೆಂದು ಶೇಕಡಾ 5 ಎಂದು ಹಿಡಿದರೆ 400 ರೂಪಾಯಿಯ ಬ್ಯಾಗುಗಳ ಕಟ್ಟಿನಿಂದ ನಿಮಗೆ ಬರುವುದು 20 ರೂಪಾಯಿ. ಸಾಮಾನ್ಯವಾಗಿ ಓದುಗರು ಕೊಂಡಿ ಒತ್ತಿದ 24 ಗಂಟೆಗಳೊಳಗೆ ಕೊಂಡರೆ ಅಥವಾ ಕಾರ್ಟ್‌ಗೆ ಸೇರಿಸಿಟ್ಟುಕೊಂಡರೆ ಮಾತ್ರ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ನನ್ನ ಜಾಲತಾಣ ಮೊದಲ ವರ್ಷ ಹೋಸ್ಟಿಂಗ್ ಖರ್ಚನ್ನೂ ಹುಟ್ಟಿಸಲಿಲ್ಲ. ಮೂರನೆಯ ವರ್ಷದಿಂದ ಮನೆಯ ವಿದ್ಯುತ್ ಬಿಲ್ಲಿಗೆ ಸಾಲುವಷ್ಟು ಬರುತ್ತಿದೆ.

ಅಕ್ಷರಜಾಲ

ಮೇಲಿನವರು ಮುಟ್ಟದ ಒಂದು ವಿಷಯ ನಿಮ್ಮ ನಲವತ್ತು ಪುಟಗಳಿಗೆ ನೇರವಾಗಿ ಸಂಬಂಧಿಸಿದೆ. ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಅದು ರೋಮನ್ ಅಕ್ಷರಗಳ ಸಂಕೇತಗಳಾಗಿ ಉಳಿದಿರುತ್ತದೆ, ಆ ಫಾಂಟಿನ ಮೂಲಕ ನೋಡಿದಾಗಷ್ಟೇ ಕನ್ನಡವಾಗಿ ಕಾಣುತ್ತದೆ. ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತವೆ, ಗೂಗಲ್‌ನಲ್ಲಿ "ಬಸಳೆ" ಎಂದು ಹುಡುಕಿದವರಿಗೆ ನಿಮ್ಮ ಪುಟ ಸಿಗುವುದೇ ಇಲ್ಲ. ಪರಿವರ್ತಕ ತಂತ್ರಾಂಶದ ಮೂಲಕ, ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಬದಲಿಸಿಕೊಂಡು, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಕಡೆಗಳನ್ನು ಕಣ್ಣಿಟ್ಟು ಓದಿ ತಿದ್ದಿ. ತಪ್ಪುಗಳು ಹೆಚ್ಚಾಗಿ ಅಲ್ಲಿಯೇ ಉಳಿಯುತ್ತವೆ. ಮುಂದಿನದನ್ನೆಲ್ಲ ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ.

ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಕಲಿತೆ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಲೇಖನದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ಗುರುತುಗಳಾಗಿ ಹಿಗ್ಗುತ್ತದೆ. ಗುಣಿತವೂ ಒತ್ತಕ್ಷರವೂ ಪ್ರತ್ಯೇಕ ಸಂಕೇತಗಳೆಂದು ಎಣಿಕೆಯಾಗುತ್ತವೆ, ಒಟ್ಟು ಮಿತಿ ಇರುವುದು 200. ಹೀಗಾಗಿ ಎರಡು ಮೂರು ಪದಗಳಾಗುವಷ್ಟರಲ್ಲಿ ವಿಳಾಸ ತುಂಡಾಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣುತ್ತದೆ. ಶೀರ್ಷಿಕೆ ಕನ್ನಡದಲ್ಲಿಯೇ ಇರಲಿ, ವಿಳಾಸವನ್ನು ಮಾತ್ರ ರೋಮನ್ ಲಿಪಿಯ ಎರಡು ಮೂರು ಪದಗಳಲ್ಲಿ ನೀವೇ ಬರೆದುಕೊಡಿ. ಪ್ರಕಟಿಸಿದ ಮೇಲೆ ಬದಲಿಸಿದರೆ ಹಿಂದೆ ಹಂಚಿದ ಕೊಂಡಿಗಳು ಕೆಡುವ ಅಪಾಯವಿರುವುದರಿಂದ ಇದನ್ನು ಮೊದಲ ಲೇಖನದಿಂದಲೇ ಪಾಲಿಸಿ.

ಖಾತೆ ಕಿರ್ದಿ

ಪಿಂಚಣಿದಾರರಾದ್ದರಿಂದ ಒಂದು ಸೂಚನೆ. ಅಫಿಲಿಯೇಟ್ ಕಮಿಷನ್ ತೆರಿಗೆಗೆ ಒಳಪಡುವ ಆದಾಯ. ಪಾವತಿಗೆ ಪ್ಯಾನ್ ಕೊಡಬೇಕಾಗುತ್ತದೆ. ನೀವು ಈಗ ಸಲ್ಲಿಸುತ್ತಿರುವುದು ಐಟಿಆರ್-1 (ಸಂಬಳ, ಪಿಂಚಣಿಯಂಥ ಆದಾಯದವರ ಸರಳ ತೆರಿಗೆ ವಿವರಣೆ ನಮೂನೆ) ಆಗಿದ್ದರೆ, ವ್ಯವಹಾರದ ಆದಾಯ ಸೇರಿದ ವರ್ಷದಿಂದ ಅದು ನಡೆಯುವುದಿಲ್ಲ. ಡೊಮೇನ್ ಮತ್ತು ಹೋಸ್ಟಿಂಗ್ ರಸೀದಿಗಳನ್ನು ಜೋಪಾನವಾಗಿಟ್ಟು, ಆ ವರ್ಷ ಒಬ್ಬ ಲೆಕ್ಕ ಪರಿಶೋಧಕರ ಬಳಿ ಹೋಗಿ.

ಕೊಂಡಿಯಿಂದ ನಿಮಗೆ ಕಮಿಷನ್ ಬರುತ್ತದೆ ಎಂಬುದನ್ನು ಓದುಗರಿಗೆ ತಿಳಿಸುವುದೂ ಕಡ್ಡಾಯ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ 2022ರಲ್ಲಿ ಹೊರಬಂದ ಮಾರ್ಗಸೂಚಿಗಳು ಇದನ್ನು ಹೇಳುತ್ತವೆ, ಅಮೆಜಾನ್‌ನ ಒಪ್ಪಂದವೂ ಕೇಳುತ್ತದೆ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿಸದೆ, ಲೇಖನದ ಆರಂಭದಲ್ಲಿಯೇ ತಿಳಿಗನ್ನಡದಲ್ಲಿ ಬರೆಯಿರಿ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನುಡಿಯ ವಿಷಯ ನನಗೆ ತಿಳಿದೇ ಇರಲಿಲ್ಲ, ಈ ವಾರ ಪರಿವರ್ತನೆಗೆ ಕೂರುತ್ತೇನೆ. ಖರ್ಚು ಉಳಿಸಲು ಗೂಗಲ್‌ನ ಉಚಿತ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಆರಂಭಿಸಬಹುದೇ? ಖಾತೆ ತೆರೆದ ಮೇಲೆ ಅಫಿಲಿಯೇಟ್ ಕೊಂಡಿಗಳನ್ನು ನಮ್ಮ ತೋಟಗಾರರ ವಾಟ್ಸ್‌ಆ್ಯಪ್ ಗುಂಪಿಗೆ ನೇರವಾಗಿ ಹಾಕಿದರೆ ಆ ಮೂರು ಮಾರಾಟ ಬೇಗ ಆಗಬಹುದಲ್ಲವೇ?

ಕೊಡಚಾದ್ರಿ

ಬ್ಲಾಗರ್ ಆಗಬಹುದು ಮೇಡಂ. ಅದಕ್ಕೂ ಸ್ವಂತ ಡೊಮೇನ್ ಜೋಡಿಸಲು ಸಾಧ್ಯವಿರುವುದರಿಂದ ಹೋಸ್ಟಿಂಗ್ ಖರ್ಚು ಪೂರ್ತಿ ಉಳಿಯುತ್ತದೆ, ಬರೆಯುವ ಅಭ್ಯಾಸ ಗಟ್ಟಿಯಾಯಿತೆಂದು ಖಚಿತವಾದ ಮೇಲೆ ವರ್ಡ್‌ಪ್ರೆಸ್‌ಗೆ ಬರಬಹುದು. ಹಾಗೆ ಬರುವಾಗ ಹಳೆಯ ಲೇಖನಗಳ ವಿಳಾಸಗಳನ್ನು ಹೊಸದಕ್ಕೆ ತಿರುಗಿಸುವ ಕೆಲಸವೊಂದು ಇರುತ್ತದೆ ಎಂಬುದು ನೆನಪಿರಲಿ.

ಗುಂಪಿಗೆ ಅಫಿಲಿಯೇಟ್ ಕೊಂಡಿಯನ್ನು ಹಾಕಬೇಡಿ, ನಿಮ್ಮ ಲೇಖನದ ಕೊಂಡಿಯನ್ನು ಹಾಕಿ. ನೋಂದಣಿಯ ವೇಳೆ ಕೊಂಡಿಗಳು ಎಲ್ಲೆಲ್ಲಿ ಇರುತ್ತವೆ ಎಂದು ನೀವೇ ಪಟ್ಟಿ ಕೊಟ್ಟಿರುತ್ತೀರಿ, ಅದರ ಹೊರಗೆ ಬಳಸಿದ್ದು ಕಂಡುಬಂದರೆ ಖಾತೆ ರದ್ದಾಗಬಹುದು. ನಿಮ್ಮ ಕೊಂಡಿಯ ಮೂಲಕ ನೀವೇ ಕೊಂಡದ್ದೂ ಲೆಕ್ಕಕ್ಕೆ ಬರುವುದಿಲ್ಲ. ಗುಂಪಿನವರು ಲೇಖನ ಓದಿ, ಅಲ್ಲಿಂದ ತಮಗೆ ಬೇಕಾದದ್ದನ್ನು ಕೊಂಡರೆ ಮೂರು ಮಾರಾಟ ತಾನಾಗಿಯೇ ಆಗುತ್ತದೆ.

ಮೊದಲ ಲೇಖನ ಗ್ರೋ ಬ್ಯಾಗಿನ ಬಗ್ಗೆಯೇ ಇರಲಿ. ಕಳೆದ ಮಳೆಗಾಲದಲ್ಲಿ ಹೊಲಿಗೆ ಬಿಟ್ಟ ಬ್ಯಾಗುಗಳು ತಾರಸಿಯ ಮೂಲೆಯಲ್ಲಿ ಇನ್ನೂ ಬಿದ್ದಿದ್ದರೆ ಎಸೆಯಬೇಡಿ. ಹರಿದ ಜಾಗದ ಚಿತ್ರ ತೆಗೆದು, ಕೊಂಡ ತಿಂಗಳು ಮತ್ತು ಹರಿದ ತಿಂಗಳು ಎರಡನ್ನೂ ಅದರ ಕೆಳಗೆ ಬರೆಯಿರಿ.