ಮೊಬೈಲ್‌ಗೆ ಜೋಡಿಸಿ ಕಲಿಯೋಕೆ ಸಣ್ಣ ಕೀಬೋರ್ಡ್ ಬೇಕು, ಯಾವುದು ತಗೊಳ್ಳಲಿ?

ರಾತ್ರಿರಾಗ:

ಎಲ್ಲರಿಗೂ ನಮಸ್ಕಾರ. ಐದು ತಿಂಗಳಿಂದ ಮೊಬೈಲ್ ಪರದೆಯ ಮೇಲೇ ಕೀಬೋರ್ಡ್ ಕಲಿಯುತ್ತಿದ್ದೇನೆ. ಒಂದು ಆ್ಯಪ್ ಇದೆ, ಅದು ಪಾಠ ತೋರಿಸುತ್ತೆ, ನಾನು ಒತ್ತುತ್ತಾ ಹೋಗುತ್ತೇನೆ. ಬಲಗೈ ಪಾಠಗಳೆಲ್ಲ ಮುಗಿದವು. ಈಗ ಎಡಗೈ ಸೇರಿಸಬೇಕು, ಅಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ. ಪರದೆ ಮೇಲೆ ಒಂದು ಕೈಗೇ ಜಾಗ ಸಾಲದು. ಗಾಜಿನ ಮೇಲೆ ಬೆರಳಿಗೆ ಏನೂ ತಿಳಿಯುವುದೂ ಇಲ್ಲ. ಕರಿ ಕೀ ಎಲ್ಲಿ ಶುರು, ಬಿಳಿ ಕೀ ಎಲ್ಲಿ ಮುಗೀತು ಅಂತ ಪ್ರತಿ ಸಲ ಕಣ್ಣಿಂದಲೇ ನೋಡಬೇಕು.

ನನಗೆ ಬಿಡುವು ಸಿಗುವುದು ರಾತ್ರಿ ಹತ್ತರ ಮೇಲೆ, ಮಗಳು ಮಲಗಿದ ನಂತರ. ಅವಳು ಮಲಗುವುದೂ ಅದೇ ಕೋಣೆಯಲ್ಲಿ. ಹಾಗಾಗಿ ಹೆಡ್‌ಫೋನ್ ಬೇಕೇ ಬೇಕು. ಮೇಜಿಲ್ಲ, ನೆಲದ ಮೇಲೆ ಇಟ್ಟುಕೊಂಡು ನುಡಿಸಬೇಕು. ಮುಗಿದ ಮೇಲೆ ಬೀರುವಿನ ಪಕ್ಕ ನಿಲ್ಲಿಸಿಡಬಹುದು. ಪ್ಲಗ್ ದೂರ ಇದೆ, ಬ್ಯಾಟರಿಯಲ್ಲೂ ನಡೆದರೆ ಒಳ್ಳೆಯದು. ಬೆಲೆ ಆದಷ್ಟು ಕಡಿಮೆ ಇರಲಿ, ಆದರೆ ಆರು ತಿಂಗಳಿಗೆ ಮೂಲೆ ಸೇರುವಂಥದ್ದು ಬೇಡ. ನನ್ನದು ಆಂಡ್ರಾಯ್ಡ್ ಫೋನ್. ಟೈಪ್-ಸಿ ತೂತು ಒಂದೇ, ಹೆಡ್‌ಫೋನ್ ತೂತು ಇಲ್ಲ.

ಮೊನ್ನೆ ಒಂದು ಅಂಗಡಿಗೆ ಹೋಗಿದ್ದೆ. 'ಮೊಬೈಲ್ ಕನೆಕ್ಟ್ ಆಗುತ್ತೆ ಮೇಡಂ' ಅಂತ ಒಂದು ಕೀಬೋರ್ಡ್ ತೋರಿಸಿದರು. ತಮ್ಮ ಫೋನಿನಿಂದ ಒಂದು ವೈರ್ ಹಾಕಿದರು, ಹಾಡು ಕೀಬೋರ್ಡಿನ ಸ್ಪೀಕರ್‌ನಲ್ಲಿ ಬಂತು. ನಾನು ಕೇಳಿದೆ: ಸರಿ, ನಾನು ಒತ್ತಿದ ಕೀ ಯಾವುದು ಅಂತ ಆ್ಯಪ್‌ಗೆ ಗೊತ್ತಾಗುತ್ತಾ? ಅವರು ಫೋನ್ ನೋಡಿದರು, ಕೀಬೋರ್ಡ್ ನೋಡಿದರು, ಉತ್ತರ ಬರಲಿಲ್ಲ. ವಾಪಸ್ ಬಂದೆ. ಬಲ್ಲವರು ದಯವಿಟ್ಟು ತಿಳಿಸಿ.

ಮಂದ್ರಸಪ್ತಕ:

ಮೇಡಂ, ನೀವು ಅಂಗಡಿಯಲ್ಲಿ ಕೇಳಿದ್ದೇ ಸರಿಯಾದ ಪ್ರಶ್ನೆ. ಅದನ್ನು ಕೇಳದೆ ಕೊಂಡುಕೊಂಡು ಆಮೇಲೆ ಪೇಚಾಡಿದವರನ್ನು ಬಹಳ ನೋಡಿದ್ದೇನೆ.

'ಮೊಬೈಲ್‌ಗೆ ಹೊಂದುತ್ತದೆ' ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿ ಇರುತ್ತವೆ. ಮೊಬೈಲ್‌ನ ಹಾಡು ಕೀಬೋರ್ಡ್‌ಗೆ ಬರುವುದು ಒಂದು. ನೀವು ಒತ್ತಿದ್ದು ಕೀಬೋರ್ಡ್‌ನಿಂದ ಮೊಬೈಲ್‌ಗೆ ಹೋಗುವುದು ಇನ್ನೊಂದು. ನಿಮಗೆ ತೋರಿಸಿದ್ದು ಮೊದಲನೆಯದು. ಅದಕ್ಕೆ ಆಕ್ಸ್ ಇನ್ ತೂತು ಸಾಕು. ನಿಮಗೆ ಬೇಕಿರುವುದು ಎರಡನೆಯದು. ಅದಕ್ಕೆ ಮಿಡಿ ಬೇಕು.

ಮಿಡಿ ಅಂದರೆ 1983ರಲ್ಲಿ ಬಂದ ಒಂದು ಒಪ್ಪಂದ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರ ಜೊತೆ ಒಂದು ಮಾತಾಡಲಿ ಅಂತ ಮಾಡಿದ್ದು. ಆ ವೈರಿನಲ್ಲಿ ಸದ್ದು ಹೋಗುವುದಿಲ್ಲ, ಸುದ್ದಿ ಹೋಗುತ್ತೆ. '60ನೇ ಸ್ವರ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು.' ಅಷ್ಟೇ. ಈ 60 ಅಂದರೆ ಪಿಯಾನೋದ ನಡುವಿನ ಸಿ. ಎಷ್ಟು ಜೋರು ಅನ್ನುವುದಕ್ಕೆ 1ರಿಂದ 127ರವರೆಗೆ ಅಂಕಿ. ಆ್ಯಪ್ ಈ ಸುದ್ದಿ ಓದಿ ನೀವು ಸರಿ ನುಡಿಸಿದಿರೋ ತಪ್ಪೋ ಹೇಳುತ್ತೆ.

ಕೆಲವು ಆ್ಯಪ್‌ಗಳು ಮೈಕ್‌ನಿಂದ ಕೇಳಿಸಿಕೊಂಡೂ ಕೆಲಸ ಮಾಡುತ್ತವೆ. ಆದರೆ ನೀವು ಹೆಡ್‌ಫೋನ್ ಹಾಕಿದ ಕೂಡಲೇ ಸ್ಪೀಕರ್ ಬಂದ್, ಮೈಕ್‌ಗೆ ಏನೂ ಕೇಳಿಸಲ್ಲ. ರಾತ್ರಿ ನುಡಿಸುವವರಿಗೆ ಮಿಡಿ ಬಿಟ್ಟರೆ ದಾರಿಯಿಲ್ಲ.

ತೂತು ನೋಡಿ ಮೋಸಹೋಗಬೇಡಿ. ಯಮಹಾದ ಪಿಎಸ್‌ಎಸ್-ಎಫ್30, ಇ30, ಎ50 ಈ ಮೂರೂ 37 ಸಣ್ಣ ಕೀಗಳವು, ಮೂರಕ್ಕೂ ಯುಎಸ್‌ಬಿ ತೂತಿದೆ. ಆದರೆ ಮೊದಲ ಎರಡರಲ್ಲಿ ಅದು ಕರೆಂಟಿಗೆ ಮಾತ್ರ. ಮಿಡಿ ಇರುವುದು ಎ50ಯಲ್ಲಿ. ಅದೇ ಕಂಪನಿಯ ಪಿಎಸ್‌ಆರ್-ಇ273 ದೊಡ್ಡದು, 61 ಕೀ, ನೋಡಿದರೆ ಇದೇ ಮೇಲು ಅನ್ನಿಸುತ್ತೆ. ಆದರೆ ಅದರಲ್ಲಿ ಆಕ್ಸ್ ಇನ್ ಇದೆ, ಮಿಡಿ ಇಲ್ಲ. ಕ್ಯಾಸಿಯೋದ ಪುಟ್ಟ ಎಸ್‌ಎ-46, ಎಸ್‌ಎ-76 ಎರಡರಲ್ಲೂ ಮಿಡಿ ಇಲ್ಲ. ಡಬ್ಬಿಯ ಮುಂಭಾಗ ಬಿಡಿ, ಹಿಂದೆ ಇರುವ ವಿವರದ ಪಟ್ಟಿಯಲ್ಲಿ 'ಯುಎಸ್‌ಬಿ ಮಿಡಿ' ಅಥವಾ 'ಯುಎಸ್‌ಬಿ ಟು ಹೋಸ್ಟ್' ಅಂತ ಇದೆಯಾ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕ್ಯಾಸಿಯೋ ಸಿಟಿ-ಎಸ್300 ತಗೊಳ್ಳುತ್ತಿದ್ದೆ. 61 ಪೂರ್ತಿ ಅಳತೆಯ ಕೀಗಳು, 3.3 ಕಿಲೋ ತೂಕ, ಆರು ಡಬಲ್ ಎ ಸೆಲ್ಲಿನಲ್ಲಿ ನಡೆಯುತ್ತೆ. ಉದ್ದ ಸುಮಾರು 93 ಸೆಂಟಿಮೀಟರ್, ಬೀರುವಿನ ಪಕ್ಕ ನಿಲ್ಲುತ್ತೆ. ಇದರ ತಮ್ಮ ಸಿಟಿ-ಎಸ್200 ನೋಡಲು ಹೆಚ್ಚುಕಡಿಮೆ ಹೀಗೇ ಇದೆ. ಆದರೆ ಅದರಲ್ಲಿ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. 300ರಲ್ಲಿ ಬೆರಳಿನ ಬಲಕ್ಕೆ ತಕ್ಕ ಸದ್ದು ಬರುತ್ತೆ. ಬೆರಳು ಹದ ಕಲಿಯುವುದೇ ಅದರಿಂದ. ಒಂದಿಷ್ಟು ಜಾಸ್ತಿ ಕೊಡುವುದಿದ್ದರೆ ಇದಕ್ಕೇ ಕೊಡಿ. ನೂರಾರು ಟೋನು, ತಾಳ ಇವಕ್ಕೆ ಬೇಡ. ಮೊದಲ ವಾರ ಎಲ್ಲ ಒತ್ತಿ ನೋಡುತ್ತೀರಿ, ಆಮೇಲೆ ಪಿಯಾನೋ ಟೋನಿನಲ್ಲೇ ಇರುತ್ತೀರಿ.

ಬೆನ್ನುಚೀಲ:

ಮಂದ್ರಸಪ್ತಕ ಸರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಲ್ಲ. 61 ಕೀ ಎಲ್ಲರಿಗೂ ಬೇಕಾಗಲ್ಲ. ನಾನು ಅಕಾಯ್ ಎಂಪಿಕೆ ಮಿನಿ ಬಳಸುತ್ತೇನೆ. 25 ಸಣ್ಣ ಕೀ, ಲ್ಯಾಪ್‌ಟಾಪ್ ಜೊತೆ ಬ್ಯಾಗಿಗೆ ಹೋಗುತ್ತೆ. ಪ್ರಯಾಣದಲ್ಲಿ ಒಂದು ರಾಗ ಹೊಳೆದರೆ ಅಲ್ಲೇ ಫೋನಿಗೆ ಹಾಕಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ವೈರೇ ಬೇಡ ಅನ್ನುವವರಿಗೆ ಕೋರ್ಗ್ ಮೈಕ್ರೋಕೀ ಏರ್ ಇದೆ, ಅದು ಬ್ಲೂಟೂತ್ ಮಿಡಿ. ಐಫೋನಿನಲ್ಲಿ ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಜೋಡಿಸಬಾರದು, ಆ್ಯಪ್ ಒಳಗಿಂದಲೇ ಜೋಡಿಸಬೇಕು. ಇದು ಗೊತ್ತಿಲ್ಲದೆ ನಾನು ತುಂಬ ಹೊತ್ತು ಒದ್ದಾಡಿದ್ದೆ. ಇನ್ನೊಂದು ಮಾತು. ಡಬ್ಬಿ ಮೇಲೆ 'ಬ್ಲೂಟೂತ್' ಅಂತಿದ್ದರೆ ಅದು ಹಾಡು ಕೇಳುವ ಬ್ಲೂಟೂತೋ ಮಿಡಿ ಬ್ಲೂಟೂತೋ ಅಂತ ಕೇಳಿಯೇ ಕೊಳ್ಳಿ. ಎರಡೂ ಬೇರೆ.

ಮಂದ್ರಸಪ್ತಕ:

ಬೆನ್ನುಚೀಲ ಅವರೇ, ನಿಮ್ಮ ಕೆಲಸಕ್ಕೆ 25 ಕೀ ಸರಿ. ಆದರೆ ಮೇಡಂ ಎರಡು ಕೈ ಕಲಿಯಬೇಕು. 25 ಕೀ ಅಂದರೆ ಎರಡು ಸಪ್ತಕ. ಎರಡೂ ಕೈ ಇಟ್ಟರೆ ಅಲುಗಾಡಲೂ ಜಾಗ ಇರಲ್ಲ. ಸಣ್ಣ ಕೀಯದ್ದೂ ಒಂದು ತೊಂದರೆ. ಪಿಯಾನೋದ ಬಿಳಿ ಕೀ 23.5 ಮಿಲಿಮೀಟರ್ ಅಗಲ, ಒಂದು ಸಪ್ತಕಕ್ಕೆ ಸುಮಾರು ಹದಿನಾರೂವರೆ ಸೆಂಟಿಮೀಟರ್. ಕೈ ಆ ದೂರವನ್ನು ನೆನಪಿಟ್ಟುಕೊಳ್ಳುತ್ತೆ. ಸಣ್ಣದರಲ್ಲಿ ರೂಢಿಯಾದ ಕೈ ದೊಡ್ಡದಕ್ಕೆ ಹೋದಾಗ ಪ್ರತಿ ಸಲ ಒಂದು ಕೀ ಹಿಂದೆಯೇ ಬೀಳುತ್ತೆ. ನನ್ನ ತಂಗಿಯ ಮಗನ ಕೈ ತಿದ್ದಲು ಪೂರ್ತಿ ಒಂದು ಬೇಸಿಗೆ ರಜೆ ಹೋಯಿತು.

ಮತ್ತೆ, ಎಂಪಿಕೆ ಮಿನಿಯಂಥ ಕಂಟ್ರೋಲರ್‌ಗಳಿಗೆ ಸ್ವಂತ ಸದ್ದಿಲ್ಲ. ಸದ್ದು ಫೋನೇ ಕೊಡಬೇಕು. ಮೇಡಂ ಫೋನಿನಲ್ಲಿ ಇರುವುದು ಒಂದೇ ತೂತು. ಅದನ್ನು ಕೀಬೋರ್ಡ್ ಹಿಡಿದರೆ ಹೆಡ್‌ಫೋನ್ ಎಲ್ಲಿ ಹಾಕುವುದು?

ರಾತ್ರಿರಾಗ:

ಇಬ್ಬರಿಗೂ ತುಂಬ ಥ್ಯಾಂಕ್ಸ್. ನನ್ನ ಹತ್ತಿರ ಬ್ಲೂಟೂತ್ ಇಯರ್‌ಫೋನ್ ಇದೆ, ಅದು ಆಗಲ್ವಾ? ಮತ್ತೆ ಟೈಪ್-ಸಿ ಫೋನಿಗೆ ಯಾವ ವೈರ್ ತರಬೇಕು?

ಮಂದ್ರಸಪ್ತಕ:

ಬ್ಲೂಟೂತ್ ಇಯರ್‌ಫೋನ್ ಬೇಡ ಮೇಡಂ. ಕೀ ಒತ್ತಿದ ಮೇಲೆ ಹತ್ತು ಮಿಲಿಸೆಕೆಂಡಿನ ಒಳಗೆ ಸದ್ದು ಬಂದರೆ ಒತ್ತಿದ ಕ್ಷಣಕ್ಕೇ ಬಂದಂತೆ ಇರುತ್ತೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ನೂರು ದಾಟುವುದು ಮಾಮೂಲು. ಹಾಡು ಕೇಳುವಾಗ ಅದು ಗೊತ್ತಾಗಲ್ಲ. ನುಡಿಸುವಾಗ ಬೆರಳು ಮುಂದೆ, ಸದ್ದು ಹಿಂದೆ. ತಾಳ ಕೂರುವುದೇ ಇಲ್ಲ, ತಪ್ಪು ನಮ್ಮದೇ ಅನ್ನಿಸಿ ಮನಸ್ಸು ಮುದುಡುತ್ತೆ.

ಹೀಗೆ ಮಾಡಿ. ವೈರ್ ಇರುವ ಸಾದಾ ಹೆಡ್‌ಫೋನ್ ತಗೊಂಡು ಫೋನಿಗಲ್ಲ, ಕೀಬೋರ್ಡಿಗೇ ಹಾಕಿ. ಸದ್ದು ಕೀಬೋರ್ಡಿನದ್ದೇ ಕೇಳಿ, ಫೋನ್ ಪಾಠ ತೋರಿಸಲಿ, ನೋಡಿಕೊಳ್ಳಲಿ. ಆ್ಯಪ್‌ನ ದನಿ ಪೂರ್ತಿ ಇಳಿಸಿಬಿಡಿ, ಇಲ್ಲದಿದ್ದರೆ ಮಗಳ ಪಕ್ಕ ಫೋನ್ ಕೂಗುತ್ತೆ. ಹೀಗೆ ಮಾಡಿದರೆ ಆ್ಯಪ್‌ನ ಹಿನ್ನೆಲೆ ಸಂಗೀತ ಕೇಳಿಸಲ್ಲ, ಅದು ನಿಜ. ತಾಳಕ್ಕೆ ಕೀಬೋರ್ಡಿನಲ್ಲೇ ಮೆಟ್ರೊನೋಮ್ ಇದೆ.

ವೈರಿನ ವಿಷಯ ಸ್ವಲ್ಪ ಗಮನಿಸಿ. ಸಿಟಿ-ಎಸ್300ರಲ್ಲಿ ಇರುವುದು ಹಳೆಯ ಫೋನುಗಳಲ್ಲಿದ್ದ ಮೈಕ್ರೋ ಯುಎಸ್‌ಬಿ ತೂತು. ಫೋನಿನ ಕಡೆ ಟೈಪ್-ಸಿ ಓಟಿಜಿ ಅಡಾಪ್ಟರ್ (ಫೋನಿಗೆ ಬೇರೆ ಸಾಧನ ಜೋಡಿಸುವ ಪುಟ್ಟ ಕೊಂಡಿ) ಹಾಕಿ, ಅದಕ್ಕೆ ಮಾಮೂಲಿ ಯುಎಸ್‌ಬಿ ವೈರ್. ಆ ವೈರ್ ಡೇಟಾ ವೈರ್ ಆಗಿರಬೇಕು. ನನ್ನ ಮೊದಲ ಕೀಬೋರ್ಡ್ ಬಂದಾಗ ಎರಡು ಸಂಜೆ ಹಾಳಾದವು. ಆ್ಯಪ್ ತೆಗೆದು ಹಾಕಿದೆ, ಫೋನ್ ರೀಸ್ಟಾರ್ಟ್ ಮಾಡಿದೆ, ಏನೂ ಇಲ್ಲ. ಕೀಬೋರ್ಡೇ ಕೆಟ್ಟಿದೆ ಅಂತ ವಾಪಸ್ ಕಳಿಸಲು ಡಬ್ಬಿಗೂ ತುಂಬಿದ್ದೆ. ನನ್ನ ಹೆಂಡತಿ ಬಂದು 'ಆ ವೈರ್ ಇಯರ್‌ಫೋನ್ ಡಬ್ಬಿದಲ್ವಾ' ಅಂದಳು. ಹೌದು, ಅದು ಬರೀ ಚಾರ್ಜಿಂಗ್ ವೈರ್. ಒಳಗೆ ಕರೆಂಟಿನ ಎರಡು ಎಳೆ ಮಾತ್ರ, ಸುದ್ದಿ ಒಯ್ಯುವ ಎಳೆಗಳೇ ಇಲ್ಲ. ಹಳೇ ಫೋನಿನ ವೈರ್ ಹಾಕಿದ ಕೂಡಲೇ ಪರದೆ ಮೇಲೆ ಕೀಬೋರ್ಡಿನ ಹೆಸರು ಬಂತು. ನೀವು ಮೊದಲು ಆ ವೈರಿನಲ್ಲಿ ಯಾವುದಾದರೂ ಫೋನಿನಿಂದ ಕಂಪ್ಯೂಟರಿಗೆ ಒಂದು ಫೋಟೋ ಕಳಿಸಿ ನೋಡಿ. ಹೋದರೆ ಅದು ಡೇಟಾ ವೈರ್.

ಐಫೋನ್ ಇರುವವರು ಓದುತ್ತಿದ್ದರೆ: 2023ರ ಐಫೋನ್ 15ರಿಂದ ಟೈಪ್-ಸಿ ಬಂದಿದೆ, ಅದಕ್ಕೂ ಹೀಗೇ. ಅದಕ್ಕಿಂತ ಹಳೆಯ ಫೋನುಗಳಿಗೆ ಆಪಲ್‌ನ ಲೈಟ್ನಿಂಗ್ ಕ್ಯಾಮೆರಾ ಅಡಾಪ್ಟರ್ ಬೇಕು. ಆಪಲ್‌ನದೇ ಸಂಗೀತದ ಆ್ಯಪ್ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತೆ, ಬೇಗ ಪರೀಕ್ಷೆ ಮಾಡಲು ಅದೇ ಸಾಕು.

ರಬ್ಬರ್‌ಪಟ್ಟಿ:

ಬೆಲೆ ಕಡಿಮೆ ಬೇಕು ಅಂದಿದ್ದೀರಿ, ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಕೆಲವು ಮಾತು. ನಾನು ಕೀಬೋರ್ಡ್ ರಿಪೇರಿ ಮಾಡುತ್ತೇನೆ. ಎಡ ತುದಿಯಿಂದ ಬಲ ತುದಿವರೆಗೆ ಒಂದೊಂದೇ ಕೀ ಒತ್ತಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಕೀ ಕೆಳಗೆ ರಬ್ಬರ್ ಪಟ್ಟಿ ಇರುತ್ತೆ, ಅದರಲ್ಲಿ ಕಪ್ಪು ಕಾರ್ಬನ್ ಚುಕ್ಕಿ. ಅಲ್ಲಿ ಧೂಳು ಕೂತರೆ ಕೀ ಮೂಕ ಆಗುತ್ತೆ, ಇಲ್ಲವೇ ಮೆಲ್ಲಗೆ ಒತ್ತಿದರೂ ಕಿರುಚುತ್ತೆ. ಒಂದೆರಡು ಕೀ ಹೀಗಿದ್ದರೆ ಹೆದರಬೇಡಿ, ಬಿಚ್ಚಿ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಸೆಲ್ಲಿನ ಮುಚ್ಚಳ ತೆಗೆದು ನೋಡಿ. ಸ್ಪ್ರಿಂಗ್ ಹತ್ತಿರ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಸೆಲ್ ಸೋರಿದೆ ಅಂತ. ಬೇರೆಯ ಅಡಾಪ್ಟರ್ ಕೊಟ್ಟರೆ ವೋಲ್ಟೇಜ್ ಮಾತ್ರ ನೋಡಿದರೆ ಸಾಲದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅಂತ ಎರಡರ ಮೇಲೂ ಗುರುತು ಇರುತ್ತೆ, ಅದು ಹೊಂದಲೇಬೇಕು. ಉಲ್ಟಾ ಹಾಕಿ ಸುಟ್ಟ ಬೋರ್ಡುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಮತ್ತೆ ಫೋನು, ಓಟಿಜಿ, ನಿಮ್ಮ ವೈರ್ ಜೊತೆಯಲ್ಲೇ ಒಯ್ದು ಅಲ್ಲೇ ಆ್ಯಪ್ ತೆಗೆದು ನೋಡಿ.

ರಾತ್ರಿರಾಗ:

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಸಿಟಿ-ಎಸ್300 ಸಿಕ್ಕಿತು. ರಬ್ಬರ್‌ಪಟ್ಟಿ ಸರ್ ಹೇಳಿದ ಹಾಗೆ 61 ಕೀಯನ್ನೂ ಎರಡೆರಡು ಸಲ ಒತ್ತಿದೆ. ಮಾರುವ ಹುಡುಗ ಪಾಪ ಸುಮ್ನೆ ಕಾದ. ಮೇಲಿನ ಒಂದು ಕರಿ ಕೀ ಮೆಲ್ಲಗೆ ಒತ್ತಿದರೂ ಜೋರಾಗಿ ಬರುತ್ತಿತ್ತು. ಹೇಳಿದೆ, ಸ್ವಲ್ಪ ಬೆಲೆ ಇಳಿಸಿದ. ಅಡಾಪ್ಟರ್ ಅದರದ್ದೇ.

ವೈರ್ ಜೋಡಿಸಿ ನಡುವಿನ ಸಿ ಒತ್ತಿದೆ. ಪರದೆಯ ಮೇಲೆ ಅದೇ ಕೀ ಹಸಿರಾಯಿತು. ಐದು ತಿಂಗಳು ಆ ಗಾಜನ್ನು ಒತ್ತಿ ಒತ್ತಿ ಸಾಕಾಗಿತ್ತು, ಈಗ ಅದನ್ನು ಮುಟ್ಟದೆಯೇ ಅದು ನನ್ನ ಮಾತು ಕೇಳುತ್ತಿದೆ. ಸುಮಾರು ಹೊತ್ತು ಅದೊಂದೇ ಕೀ ಒತ್ತುತ್ತಾ ಕೂತಿದ್ದೆ. ಕರಿ ಕೀಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿರುವುದು ಈಗ ಬೆರಳಿಗೇ ಗೊತ್ತಾಗುತ್ತೆ, ಕತ್ತಲಲ್ಲೂ. ಎಡಗೈಯ ಮೊದಲ ಪಾಠ ನಿನ್ನೆ ಮುಗಿಯಿತು.

ಒಂದೇ ತೊಂದರೆ. ನೆಲದ ಮೇಲಿಟ್ಟು ನುಡಿಸಿದರೆ ಅರ್ಧ ಗಂಟೆಗೆ ಮಣಿಕಟ್ಟು ನೋಯುತ್ತೆ. ಏನು ಮಾಡಲಿ?

ಮಂದ್ರಸಪ್ತಕ:

ಬಹಳ ಖುಷಿ ಆಯ್ತು ಮೇಡಂ! ಕೀಗಳು ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ನೆಲದ ಮೇಲಿದ್ದರೆ ಕೈ ಕೆಳಗೆ ಇಳಿದು ಮಣಿಕಟ್ಟು ಮೇಲಕ್ಕೆ ಮಡಚಿಕೊಳ್ಳುತ್ತೆ, ಅದಕ್ಕೇ ನೋವು. ಚಕ್ಕಂಬಕ್ಕಳ ಹಾಕಿ ಕೂತು, ಮೊಣಕೈಯಿಂದ ನೆಲಕ್ಕೆ ಎಷ್ಟು ಎತ್ತರ ಅಂತ ಅಳೆಯಿರಿ. ಅದರಲ್ಲಿ ಕೀಬೋರ್ಡಿನ ದಪ್ಪ ಕಳೆಯಿರಿ. ಅಷ್ಟು ಎತ್ತರದ, ಅಲ್ಲಾಡದ ಎರಡು ಮರದ ಮಣೆಯೋ ಪೆಟ್ಟಿಗೆಯೋ ಎರಡು ತುದಿಗೆ ಇಡಿ. ದಿಂಬು ಬೇಡ, ಒತ್ತಿದಾಗ ಕುಸಿಯುತ್ತೆ. ಅಲ್ಲಿಯವರೆಗೆ ಹದಿನೈದು ನಿಮಿಷಕ್ಕೊಮ್ಮೆ ಎದ್ದು ಕೈ ಕೊಡವಿಕೊಳ್ಳಿ.